ಕೆಟ್ಟಿದೆ ಅಂತ ಬರೆದರೆ ಮುಗೀತೇ?

ಪಿನ್‌ಬಾಲ್ ಮೆಷಿನ್ನಿನ ಗಾಜಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಇಳಿಜಾರು ಹಲಗೆಯ ಮೇಲೆ ಉರುಳಿ ಬರುವ ಚೆಂಡನ್ನು ಫ್ಲಿಪ್ಪರ್ ಎಂಬ ಪುಟ್ಟ ಕೈಗಳಿಂದ ಹೊಡೆಯುತ್ತಾ ಆಡುವ ಮೆಷಿನ್ನು ಅದು. ‘ಬಿಸಿಯಾದ ಮೇಲೆ ಎಡಗಡೆ ಫ್ಲಿಪ್ಪರ್ ಸೋಲುತ್ತೆ. ಒಳಗಿನ ಸ್ಲೀವ್ ಬದಲಾಯಿಸಿದ್ದೀನಿ, ಸ್ವಲ್ಪ ವಾಸಿ. ಮತ್ತೆ ಸೋತರೆ ಸ್ವಿಚ್ಚಿನ ಪಾಯಿಂಟ್ ನೋಡಿ. ಶನಿವಾರ 11.40.’ ಅದರ ಕೆಳಗೆ ಬೇರೆ ಪೆನ್ನು, ಬೇರೆ ಕೈಬರಹ: ‘ನೋಡಿದೆ. ಪಾಯಿಂಟ್ ಕರಕಲಾಗಿತ್ತು, ಉಜ್ಜಿದೆ. ಸಂಜೆವರೆಗೆ ಎಳೆಯಬಹುದು. 2.15.’ ಬರೆದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದರೋ ಇಲ್ಲವೋ. ಒಬ್ಬ ಬಿಟ್ಟ ಕಡೆಯಿಂದ ಇನ್ನೊಬ್ಬ ಹಿಡಿದಿದ್ದ, ಅಷ್ಟೇ. ಆಟ ಆಡಲು ಬಂದ ನಾನು ಆ ಚೀಟಿಯನ್ನು ಪಂಚಾಂಗದ ಹಾಗೆ ಮೇಲಿಂದ ಕೆಳಗೆ ಓದುತ್ತಾ ನಿಂತುಬಿಟ್ಟೆ.

ಮೈಸೂರಿನಲ್ಲಿ ಅಪ್ಪ ಅಮ್ಮ ಇರುವ ಅಪಾರ್ಟ್‌ಮೆಂಟಿನ ಲಿಫ್ಟಿಗೂ ಒಂದು ಬೋರ್ಡಿದೆ. ‘ಲಿಫ್ಟ್ ಕೆಟ್ಟಿದೆ. ಸಹಕರಿಸಿ.’ ಅದನ್ನು ಲ್ಯಾಮಿನೇಟ್ ಮಾಡಿಸಿದ್ದಾರೆ. ಮೇಲೆ ಎರಡು ತೂತು ಹೊಡೆದು ದಾರ ಕಟ್ಟಿದ್ದಾರೆ. ಲಿಫ್ಟ್ ಓಡುವ ದಿನಗಳಲ್ಲಿ ಅದು ವಾಚ್‌ಮನ್ ಕುರ್ಚಿಯ ಬೆನ್ನಿಗೆ ತೂಗಾಡುತ್ತಿರುತ್ತದೆ. ಕೆಡುವುದಕ್ಕೆ ಇಷ್ಟು ಅಚ್ಚುಕಟ್ಟಾಗಿ ತಯಾರಾದವರು ರಿಪೇರಿಗೆ ಅದರ ಕಾಲುಭಾಗ ತಯಾರಾಗಿದ್ದರೆ ಅಮ್ಮ ಮಂಡಿನೋವು ಇಟ್ಟುಕೊಂಡು ತರಕಾರಿ ಚೀಲ ಹಿಡಿದು ಮೂರನೇ ಮಹಡಿ ಹತ್ತಬೇಕಿರಲಿಲ್ಲ. ಏನು ಕೆಟ್ಟಿದೆ, ಯಾವಾಗಿನಿಂದ, ಯಾರಿಗೆ ಹೇಳಿದ್ದಾರೆ, ಯಾವ ಸಾಮಾನು ಬರಬೇಕು, ಒಂದೂ ಆ ಬೋರ್ಡಿನಲ್ಲಿಲ್ಲ. ವಾಚ್‌ಮನ್ ಕೇಳಿದರೆ, “ಹೇಳಿದಾರೆ ಸಾರ್, ಬರ್ತಾರಂತೆ” ಅನ್ನುತ್ತಾನೆ. ಯಾರು ಹೇಳಿದ್ದಾರೋ ಯಾರು ಬರುತ್ತಾರೋ ಅವನಿಗೂ ಗೊತ್ತಿಲ್ಲ. ಅದು ಅವನ ತಪ್ಪೂ ಅಲ್ಲ.

ಪಿನ್‌ಬಾಲ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ವಿಂಡೋಸ್ ಎಕ್ಸ್‌ಪಿ ಜೊತೆಗೇ ಬರುತ್ತಿದ್ದ ಆಟ. ಸೈಬರ್ ಸೆಂಟರಿನಲ್ಲಿ ಇಂಟರ್ನೆಟ್ ಕೈಕೊಟ್ಟಾಗ ಕೊಟ್ಟ ದುಡ್ಡು ವಸೂಲಿ ಮಾಡಿಕೊಳ್ಳಲು ಅದನ್ನೇ ಕುಟ್ಟುತ್ತಿದ್ದೆವು. ಅದಕ್ಕಿಂತ ಹಿಂದಿನವರಿಗೆ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಬಿಡುತ್ತಿದ್ದ ಬ್ಯಾಗಟೆಲ್ ನೆನಪಿರುತ್ತದೆ. ಆ ಮೊಳೆ ಹಲಗೆಯೇ ಇದರ ಮುತ್ತಜ್ಜ. 1871ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಅದಕ್ಕೆ ಸ್ಪ್ರಿಂಗಿನ ಕಡ್ಡಿ ಹಾಕಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. 1931ರಲ್ಲಿ ಗಾಟ್ಲೀಬ್ ಕಂಪನಿ ಕಾಸು ಹಾಕಿ ಆಡುವ ಪೆಟ್ಟಿಗೆ ಮಾಡಿ ಸಾವಿರಗಟ್ಟಲೆ ಮಾರಿತು. ಚೆಂಡನ್ನು ಹೊಡೆದು ಮೇಲೆ ಕಳಿಸುವ ಫ್ಲಿಪ್ಪರ್ ಬಂದದ್ದು 1947ರಲ್ಲಿ. ಅಲ್ಲಿಯವರೆಗೆ ಇದು ಅದೃಷ್ಟದ ಆಟ, ಜೂಜಿನ ತಮ್ಮ. ಅದಕ್ಕೇ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ 1942ರಲ್ಲಿ ನಿಷೇಧ ಹಾಕಿದರು. ಮೆಷಿನ್ನುಗಳನ್ನು ಸುತ್ತಿಗೆಯಿಂದ ಒಡೆಯುವಾಗ ಫೋಟೋಗೂ ನಿಂತರು. ಆ ನಿಷೇಧ ತೆಗೆಯಲು 1976ರವರೆಗೆ ಕಾಯಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಾನಿರುವ ಕಡೆಗೆ ಹತ್ತಿರದ ಓಕ್‌ಲ್ಯಾಂಡಿನ ಕಾನೂನು ಪುಸ್ತಕದಿಂದ ಈ ನಿಷೇಧ ಅಧಿಕೃತವಾಗಿ ಹೋದದ್ದು 2014ರಲ್ಲಿ. ಕಡತ ಸರಿಯುವುದು ಎಲ್ಲ ಕಡೆ ನಿಧಾನವೇ ಅಂತ ನನಗೆ ಕೊಂಚ ಸಮಾಧಾನ ಕೊಡುವ ಇಸವಿ ಅದು.

ಇಂಥ ಹಳೆಯ ಮೆಷಿನ್ನುಗಳನ್ನು ಒಂದೆಡೆ ಸೇರಿಸಿ ವಾರಾಂತ್ಯವಿಡೀ ಆಡುವ ಮೇಳಗಳು ಇಲ್ಲಿ ಹಲವು. ಸಾಂಟಾ ಕ್ಲಾರಾ ಸುತ್ತಮುತ್ತ ನಡೆಯುವ ಕ್ಯಾಲಿಫೋರ್ನಿಯಾ ಎಕ್ಸ್‌ಟ್ರೀಮ್ 1997ರಿಂದ ಇದೆ. ನಾನು ಹೇಳುತ್ತಿರುವುದು ಅದಕ್ಕಿಂತ ಬಹಳ ಚಿಕ್ಕದು. ಸೆಂಟ್ರಲ್ ವ್ಯಾಲಿ ಕಡೆ ಒಂದು ಊರಿನ ಮೇಳದ ಮೈದಾನ, ತಗಡಿನ ಸೂರಿನ ದೊಡ್ಡ ಶೆಡ್ಡು, ಹೊರಗೆ ಬಿಸಿಲು ಅಂದರೆ ರಾಯಚೂರಿನವರೂ ಒಪ್ಪುವಂಥದ್ದು. ಬಾಗಿಲಲ್ಲಿ ಒಮ್ಮೆ ಟಿಕೆಟ್ ತೆಗೆದುಕೊಂಡರೆ ಆಯಿತು, ಒಳಗೆ ಎಷ್ಟು ಆಡಿದರೂ ಕಾಸಿಲ್ಲ. ಮೆಷಿನ್ನುಗಳು ಯಾವ ಕಂಪನಿಯದೂ ಅಲ್ಲ, ಜನ ತಮ್ಮ ತಮ್ಮ ಮನೆಯಿಂದ ತಂದವು. ಟಿಕೆಟ್ ಹರಿಯುವವರಿಂದ ಹಿಡಿದು ಕಕ್ಕಸಿಗೆ ಪೇಪರ್ ಇಡುವವರವರೆಗೆ ಯಾರಿಗೂ ಸಂಬಳವಿಲ್ಲ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಅವರ ಕಾರು ಮಳೆಬಿಸಿಲಲ್ಲಿ ರಸ್ತೆ ಮೇಲೆ, ಗ್ಯಾರೇಜಿನೊಳಗೆ ಸಾಲಾಗಿ ಪಿನ್‌ಬಾಲ್ ಮೆಷಿನ್ನು. ಎಪ್ಪತ್ತರ ದಶಕದ ನಡುವಿನವರೆಗೆ ಬಂದ ಮೆಷಿನ್ನುಗಳಲ್ಲಿ ಕಂಪ್ಯೂಟರ್ ಚಿಪ್ ಅನ್ನುವುದೇ ಇಲ್ಲ. ಎಲ್ಲ ರಿಲೇ (ಕರೆಂಟಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು), ಕಾಯಿಲ್ (ಕರೆಂಟ್ ಹರಿದಾಗ ಅಯಸ್ಕಾಂತವಾಗಿ ಎಳೆಯುವ ತಂತಿಯ ಸುರುಳಿ), ಹಲ್ಲುಚಕ್ರ. ಅಂಕ ಕೂಡಿಸಲು ಒಳಗೊಂದು ಮೋಟಾರ್ ಗರಗರ ಸುತ್ತುತ್ತದೆ. ಹಳೆಯ ಎಕ್ಸ್‌ಚೇಂಜಿನ ರಿಲೇಗಳ ನಡುವೆ ಬೆಳೆದ ಮನುಷ್ಯನಿಗೆ ಅದರ ಹೊಟ್ಟೆ ಬಿಚ್ಚಿದರೆ ತವರಿಗೆ ಬಂದ ಹಾಗೆ.

ಮೆಷಿನ್ನಿನ ತೂಕ ನೂರಿಪ್ಪತ್ತು ಕಿಲೋ ಆಸುಪಾಸು. ಒಳಗಿನ ಉಕ್ಕಿನ ಚೆಂಡು 27 ಮಿಲಿಮೀಟರ್, 80 ಗ್ರಾಂ. ಹಲಗೆ ಆರೂವರೆ ಡಿಗ್ರಿ ಇಳಿಜಾರು. ಆ ಚೆಂಡು ಇಡೀ ದಿನ ರಬ್ಬರಿಗೆ, ಪ್ಲಾಸ್ಟಿಕ್ಕಿಗೆ, ತೆಳು ತಗಡಿನ ಸ್ವಿಚ್ಚುಗಳಿಗೆ ಬಡಿಯುತ್ತಲೇ ಇರುತ್ತದೆ. ಮನೆಯಲ್ಲಿ ಭಾನುವಾರ ಮಧ್ಯಾಹ್ನ ಒಂದೆರಡು ಆಟ ಕಂಡ ಮೆಷಿನ್ನು ಮೇಳದಲ್ಲಿ ಬೆಳಗ್ಗೆಯಿಂದ ಮಧ್ಯರಾತ್ರಿವರೆಗೆ ಒಂದು ನಿಮಿಷ ತಣ್ಣಗಾಗುವುದಿಲ್ಲ. ಅಲ್ಲಿಗೆ ಬರುವಾಗ ಟ್ರೇಲರಿನಲ್ಲಿ ಕುಲುಕಿ ಕನೆಕ್ಟರುಗಳು ಬೇರೆ ಸಡಿಲಾಗಿರುತ್ತವೆ. ಬೆಸುಗೆ ಬಿರುಕು ಬಿಡುತ್ತದೆ, ಬಲ್ಬು ಹೋಗುತ್ತದೆ, ಫ್ಯೂಸ್ ಹಾರುತ್ತದೆ. ಒಂದು ಟ್ರಾನ್ಸಿಸ್ಟರ್ ಸುಟ್ಟು ಶಾರ್ಟ್ ಆದರೆ ಅದಕ್ಕೆ ಸೇರಿದ ಕಾಯಿಲ್ ಎಳೆದದ್ದು ಬಿಡುವುದೇ ಇಲ್ಲ, ಹೊಗೆ ಬರುತ್ತದೆ. ತೊಂಬತ್ತರ ದಶಕದ ಮೆಷಿನ್ನುಗಳಲ್ಲಿ ದೀಪಗಳಿಗೆ ಕರೆಂಟ್ ಹೋಗುವ ಕನೆಕ್ಟರ್ ಕಂದಾಗಿ ಸುಟ್ಟಿರುವುದು ಎಷ್ಟು ಸಾಮಾನ್ಯ ಅಂದರೆ, ಸುಡದೆ ಇದ್ದರೆ ಅದನ್ನು ಕರೆದು ತೋರಿಸುತ್ತಾರೆ. ಕೆಡುವುದು ಇಲ್ಲಿ ಅಪಶಕುನವಲ್ಲ. ಕೆಟ್ಟೇ ಕೆಡುತ್ತದೆ ಅಂದುಕೊಂಡೇ ಶೆಡ್ಡಿನ ಮೂಲೆಯಲ್ಲಿ ಎರಡು ಮೇಜು ಹಾಕಿ ಸೋಲ್ಡರಿಂಗ್ ಕಬ್ಬಿಣ ಕಾಯಿಸಿ ಇಟ್ಟಿರುತ್ತಾರೆ.

ಆ ಹಳದಿ ಚೀಟಿಯ ಮೆಷಿನ್ನು 1986ರ ‘ಹೈ ಸ್ಪೀಡ್’. ಅದರ ವಿನ್ಯಾಸಕಾರ ಸ್ಟೀವ್ ರಿಚಿ ಇದೇ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಜೋರಾಗಿ ಕಾರು ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ ಪ್ರಸಂಗವನ್ನೇ ಆಟ ಮಾಡಿದ್ದು. ಸಂಜೆ ಐದರ ಹೊತ್ತಿಗೆ ಎಡ ಫ್ಲಿಪ್ಪರ್ ಮತ್ತೆ ಸೋತಿತು. ಚೆಂಡು ಅರ್ಧ ದಾರಿ ಹೋಗಿ ‘ಯಾಕೋ ಬೇಡ’ ಅಂತ ವಾಪಸು ಬರುತ್ತಿತ್ತು. ನಾನು ಹೋಗಿ ಪಕ್ಕದ ಮನೆಯವರಿಗೆ ಹೇಳಿದೆ. ಸಾರಿ ಗೀರಿ ಏನೂ ಇಲ್ಲ, ಎರಡು ಪ್ರಶ್ನೆ ಕೇಳಿದರು: ಶುರುವಿನಿಂದ ಸೋತಿತೋ ಆಡುತ್ತಾ ಆಡುತ್ತಾ ಸೋತಿತೋ? ಬಟನ್ ಒತ್ತಿ ಹಿಡಿದರೆ ಮೇಲೇ ನಿಲ್ಲುತ್ತೋ, ಕೆಳಗೆ ಜಾರುತ್ತೋ? ಆಮೇಲೆ ನನ್ನ ಕೈ ನೋಡಿ, “ಉಂಗುರ ತೆಗಿ” ಅಂದರು. ಕಾಯಿಲಿನ ಎರಡು ತುದಿಗೆ ಉಂಗುರ ತಾಗಿದರೆ ಬೆರಳು ಬೇಯುತ್ತದಂತೆ. ಮದುವೆ ಉಂಗುರ, ಬಾರದೆ ಬಾರದೆ ಕೈತೊಳೆಯುವ ಸೋಪು ಹಚ್ಚಿದ ಮೇಲೆ ಬಂತು.

ಸಂಘಟಕರ ಪೆಟ್ಟಿಗೆಯಿಂದ ಕೀಲಿ ತಂದು ಕಾಸು ಹಾಕುವ ಬಾಗಿಲು ತೆಗೆದರು. ಒಳಗೆ ಕೈ ಹಾಕಿ ಒಂದು ಹಿಡಿ ಸರಿಸಿದರೆ ಮುಂದಿನ ಉಕ್ಕಿನ ಪಟ್ಟಿ ಕಳಚಿ ಬರುತ್ತದೆ, ಗಾಜು ತಮ್ಮ ಕಡೆಗೆ ಜಾರುತ್ತದೆ. ಗಾಜು ಹಿಡಿಯುವ ಕೆಲಸ ನನಗೆ. ಅದರ ಮೂಲೆ ಕಾಂಕ್ರೀಟಿಗೆ ತಾಗಿದರೆ ಇಡೀ ಗಾಜು ಪುಡಿಯಾಗುತ್ತದೆ ಅಂತ ರಟ್ಟಿನ ಮೇಲೆ ನಿಲ್ಲಿಸಿದೆವು. ಸ್ವಿಚ್ ಆರಿಸಿ, ಚೆಂಡು ತೆಗೆದು, ಹಲಗೆ ಎತ್ತಿ ಒಳಗಿದ್ದ ಕಡ್ಡಿಗೆ ಆನಿಸಿದರು. ಮೇಲೆ ಕೆಂಪು ದೀಪ, ಸೈರನ್, ಬಣ್ಣ. ಕೆಳಗೆ ನೋಡಿದರೆ ಹುಣಸೂರು ರಸ್ತೆಯ ಆಲದ ಬೇರುಗಳ ಹಾಗೆ ತಂತಿ.

ಆ ಕಾಲದ ಫ್ಲಿಪ್ಪರ್ ಕಾಯಿಲಿನಲ್ಲಿ ಎರಡು ಸುತ್ತು ತಂತಿ ಇರುತ್ತದೆ. ಒಂದು ದಪ್ಪ, ಹೊಡೆಯುವುದಕ್ಕೆ. ಇನ್ನೊಂದು ಸಣ್ಣ, ಎತ್ತಿದ್ದನ್ನು ಹಿಡಿದು ನಿಲ್ಲಿಸುವುದಕ್ಕೆ. ಬಟನ್ ಒತ್ತಿದಾಗ ಕರೆಂಟೆಲ್ಲ ದಪ್ಪ ಸುತ್ತಿಗೆ ಹೋಗುತ್ತದೆ. ಫ್ಲಿಪ್ಪರ್ ಪೂರ್ತಿ ಮೇಲೆ ಬಂದ ಕ್ಷಣ ಕೊನೆಯಲ್ಲಿರುವ ಪುಟ್ಟ ಸ್ವಿಚ್ಚು ತೆರೆದುಕೊಂಡು ಸಣ್ಣ ಸುತ್ತನ್ನೂ ದಾರಿಗೆ ತರುತ್ತದೆ, ಕರೆಂಟ್ ಇಳಿಯುತ್ತದೆ. ಆ ಸ್ವಿಚ್ಚು ತೆರೆಯದಿದ್ದರೆ ಕಾಯಿಲ್ ಸುಡುತ್ತದೆ. ಸರಿಯಾಗಿ ಮುಚ್ಚದಿದ್ದರೆ ದಪ್ಪ ಸುತ್ತಿಗೆ ಕರೆಂಟ್ ಸಾಲದೆ ಏಟು ಸೋಲುತ್ತದೆ. ಪ್ರತಿ ಏಟಿಗೂ ಅಲ್ಲೊಂದು ಕಿಡಿ ಹಾರುವುದರಿಂದ ಪಾಯಿಂಟ್, ಅಂದರೆ ಸ್ವಿಚ್ಚಿನ ಲೋಹದ ತುದಿಗಳು ಒಂದಕ್ಕೊಂದು ತಾಗುವ ಜಾಗ, ಕರಕಲಾಗುತ್ತದೆ. ಅವರು ತೆಳು ಅರದಿಂದ ಎರಡು ಸಲ ಎಳೆದರು, ಟಾರ್ಚ್ ಹಿಡಿಸಿ ನೋಡಿದರು, ಇನ್ನು ಇದರಲ್ಲಿ ಲೋಹವೇ ಉಳಿದಿಲ್ಲ ಅಂತ ಸ್ವಿಚ್ಚನ್ನೇ ಬಿಚ್ಚಿ ಹೊಸದು ಹಾಕಿದರು. ಪಕ್ಕದಲ್ಲೇ ಇದ್ದ ಇನ್ನೊಂದು ಸ್ವಿಚ್ಚಿಗೆ ನಾನು ಅರ ಚಾಚಿದೆ. ಕೈ ಹಿಡಿದುಕೊಂಡರು. ಅಂಕ ಎಣಿಸುವ ಸ್ವಿಚ್ಚುಗಳ ಪಾಯಿಂಟಿಗೆ ಚಿನ್ನದ ತೆಳು ಲೇಪವಿರುತ್ತದೆ, ಅರ ತಾಗಿಸಿದರೆ ಮುಗಿಯಿತು. ಅದಕ್ಕೆ ವಿಸಿಟಿಂಗ್ ಕಾರ್ಡು. ಪಾಯಿಂಟಿನ ನಡುವೆ ಇಟ್ಟು, ಮೆಲ್ಲಗೆ ಒತ್ತಿ, ಎಳೆಯಬೇಕು. ನನ್ನ ಕಂಪನಿಯ ಕಾರ್ಡು ಕೊಟ್ಟೆ. ಇಷ್ಟು ವರ್ಷದಲ್ಲಿ ಅದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅವತ್ತೇ ಇರಬೇಕು.

ಇದೆಲ್ಲ ನಡೆಯುವಾಗ ಸುತ್ತ ಜನ ನಿಂತಿದ್ದರು. ಮಕ್ಕಳು ಬಗ್ಗಿ ನೋಡುತ್ತಿದ್ದರು. ಯಾರೂ ‘ಸರೀರಿ, ಸರೀರಿ’ ಅಂತ ಅಟ್ಟಲಿಲ್ಲ. ಮೆಷಿನ್ನಿನ ಯಜಮಾನ ಇನ್ನೊಂದು ಸಾಲಿನಲ್ಲಿ ಬೇರೆ ಯಾರದೋ ಮೆಷಿನ್ನಿನ ಕೆಳಗೆ ಅಂಗಾತ ಮಲಗಿದ್ದನಂತೆ. ತನ್ನದನ್ನು ಬೇರೆಯವರು ಬಿಚ್ಚಿದ್ದಾರೆ ಅಂತ ಅವನಿಗೆ ಗೊತ್ತಾದದ್ದು ಆ ಚೀಟಿ ನೋಡಿಯೇ. ಕೆಲಸ ಮುಗಿದ ಮೇಲೆ ಪಕ್ಕದ ಮನೆಯವರು ಪೆನ್ನು ನನ್ನ ಕೈಗೆ ಕೊಟ್ಟರು. ‘ಸ್ವಿಚ್ಚು ಹೊಸದು ಹಾಕಿದೆ. ಎಡ ಕಾಯಿಲಿನ ಒಂದು ಸ್ಕ್ರೂಗೆ ಹಲ್ಲು ಸವೆದಿದೆ, ಮನೆಗೆ ಹೋದ ಮೇಲೆ ನೋಡಿಕೊಳ್ಳಿ. 5.50.’ ಸ್ಕ್ರೂ ವಿಷಯ ಯಾಕೆ ಬರೆಯಬೇಕು, ಈಗ ಆಡುತ್ತಿದೆಯಲ್ಲ ಅಂದೆ. ಬರೆಯದಿದ್ದರೆ ಅವನಿಗೆ ಹೇಗೆ ಗೊತ್ತಾಗುತ್ತೆ ಅಂದರು.

ನನಗೆ ಸಂಕಟವಾದದ್ದು ಅಲ್ಲೇ. ನಮ್ಮಲ್ಲಿ ರಿಪೇರಿ ಬರುವವರಿಗೆ ಬರವಿಲ್ಲ. ಕೆಟ್ಟದ್ದನ್ನು ಕೆಟ್ಟಿದೆ ಅಂತ ಇನ್ನೊಬ್ಬರಿಗೆ ತಿಳಿಯುವ ಹಾಗೆ ಹೇಳಿಡುವುದಕ್ಕೆ ನಮಗೆ ಆಗುವುದಿಲ್ಲ. ಕೆಡುವುದೆಂದರೆ ನಮಗೆ ಮರ್ಯಾದೆ ಪ್ರಶ್ನೆ. ಮದುವೆ ಮನೆಯಲ್ಲಿ ಜನರೇಟರ್ ನಿಂತರೆ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಹೇಳುವುದಿಲ್ಲ. ಮಿಕ್ಸಿ ತಳ ಬಿಸಿಯಾಗುತ್ತದೆ ಅಂತ ಗೊತ್ತಿದ್ದೂ ನೆಂಟರಿಗೆ ಕೊಡುವಾಗ “ಚೆನ್ನಾಗಿದೆ, ಸ್ವಲ್ಪ ನೋಡ್ಕೊಂಡು ಹಾಕಿ” ಅನ್ನುತ್ತೇವೆ. ಆ ‘ನೋಡ್ಕೊಂಡು’ ಅನ್ನುವುದರೊಳಗೆ ಇಡೀ ರೋಗಚರಿತ್ರೆ ಅಡಗಿರುತ್ತದೆ, ನೆಂಟರು ಅದನ್ನು ಸುಟ್ಟ ವಾಸನೆಯಿಂದ ತಿಳಿದುಕೊಳ್ಳಬೇಕು.

ಊರು ಬಿಟ್ಟು ಬಂದರೂ ಈ ಗುಣ ಲಗೇಜಿನಲ್ಲಿ ಬಂದಿರುತ್ತದೆ. ಇಲ್ಲಿನ ನಮ್ಮ ಕನ್ನಡ ಕೂಟವೊಂದರ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅದೇ ಸೌಂಡ್ ಮಿಕ್ಸರ್ ಪೆಟ್ಟಿಗೆ ಬರುತ್ತದೆ, ಪ್ರತಿ ವರ್ಷ ನಾಡಗೀತೆಯ ಹೊತ್ತಿಗೆ ಸರಿಯಾಗಿ ‘ಗುಂಯ್’ ಅನ್ನುತ್ತದೆ. ಸಭಾಂಗಣದಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಎಂಜಿನಿಯರುಗಳು. ಚಿಪ್ ವಿನ್ಯಾಸ ಮಾಡುವವರಿದ್ದಾರೆ. ಎಲ್ಲರೂ ಹಿಂದಕ್ಕೆ ತಿರುಗಿ ನೋಡುತ್ತೇವೆ, ವೇದಿಕೆ ಮೇಲಿಂದ “ದಯವಿಟ್ಟು ಸಹಕರಿಸಬೇಕು” ಅನ್ನುತ್ತಾರೆ, ಯಾರೋ ಓಡಿಹೋಗಿ ಕೇಬಲ್ ಅಲ್ಲಾಡಿಸುತ್ತಾರೆ, ನಿಲ್ಲುತ್ತದೆ, ಚಪ್ಪಾಳೆ. ಪಿನ್‌ಬಾಲ್ ಮೇಳದಿಂದ ಬಂದ ಹುರುಪಿನಲ್ಲಿ ನಾನು ಆ ಪೆಟ್ಟಿಗೆ ಮೇಲೆ ಚೀಟಿ ಅಂಟಿಸಿದೆ: ‘ಮೂರನೇ ಚಾನೆಲ್ ಜ್ಯಾಕ್ ಸಡಿಲ. ಕೇಬಲ್ ತಪ್ಪಲ್ಲ. ಇದನ್ನು ಬಳಸಬೇಡಿ, ನಾಲ್ಕನೆಯದು ಬಳಸಿ.’ ಯುಗಾದಿ ಕಾರ್ಯಕ್ರಮಕ್ಕೆ ಹೋದಾಗ ಚೀಟಿ ಇರಲಿಲ್ಲ. ಪದಾಧಿಕಾರಿಯೊಬ್ಬರು ಬಹಳ ವಿಶ್ವಾಸದಿಂದ ಹೇಳಿದರು, “ಊರಿಂದ ಕಲಾವಿದರು ಬಂದಿದ್ರು ನೋಡಿ, ಅವರ ಕಣ್ಣಿಗೆ ಬೀಳೋದು ಬೇಡ ಅಂತ ತೆಗೆಸಿದ್ವಿ.” ಆ ಕಲಾವಿದರು ಮೂರನೇ ಚಾನೆಲ್ಲಿನಲ್ಲೇ ಹಾಡಿದರಂತೆ. ಅವರ ಕಿವಿಗೆ ಏನು ಬಿತ್ತು ಅಂತ ಯಾರೂ ಕೇಳಿಲ್ಲ.

ಸ್ವಯಂಸೇವಕ ಅನ್ನುವ ಬಿಲ್ಲೆಗೂ ಇಲ್ಲಿ ಅಲ್ಲಿ ಬಹಳ ಅಂತರ. ನಮ್ಮ ಸ್ವಯಂಸೇವಕ ಬಿಲ್ಲೆ ಹಾಕಿಕೊಂಡರೆ ವೇದಿಕೆಗೆ ಹತ್ತಿರವಾಗುತ್ತಾನೆ. ಕೊನೆಯಲ್ಲಿ ಅವನಿಗೂ ಶಾಲು, ಹಾರ. ಆ ಶೆಡ್ಡಿನಲ್ಲಿ ಬಿಲ್ಲೆ ಹಾಕಿದವನಿಗೆ ಸಿಗುವುದು ಟಾರ್ಚು, ಮಲ್ಟಿಮೀಟರು, ನೆಲದ ಧೂಳು. ದಂತವೈದ್ಯರೊಬ್ಬರು ರಬ್ಬರ್ ಉಂಗುರ ಬದಲಾಯಿಸುತ್ತಾ ಕೂತಿದ್ದರು. ಅಷ್ಟು ಸಣ್ಣ ಜಾಗದಲ್ಲಿ ಕೈಯಾಡಿಸಲು ಅವರಿಗಿಂತ ಬೇರೆ ಯಾರು ಬೇಕು? ಶಾಲಾ ಬಸ್ ಓಡಿಸುವ ಹೆಂಗಸೊಬ್ಬರು ಸುಟ್ಟ ಕನೆಕ್ಟರ್ ಕತ್ತರಿಸಿ ಹೊಸ ಪಿನ್ನು ಒತ್ತುತ್ತಿದ್ದರು, ಆ ದಂತವೈದ್ಯರು ಅವರನ್ನು ಕೇಳಿ ಕಲಿಯುತ್ತಿದ್ದರು. ಡಾಕ್ಟರು ಡ್ರೈವರ ಬಳಿ ಪಾಠ ಹೇಳಿಸಿಕೊಳ್ಳುವುದು ನಮ್ಮೂರಲ್ಲಿ ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ನನಗೂ ಹೇಳಿ, ಮನಸ್ಸಿಗೆ ಹಿತವಾಗುತ್ತದೆ.

ಇನ್ನೊಂದು ಸಂಗತಿ. ಹಳೆಯ ರಿಲೇ ಮೆಷಿನ್ನುಗಳ ಹೊಟ್ಟೆಯೊಳಗೆ ಕಂಪನಿಯವರೇ ಅದರ ಪೂರ್ತಿ ವೈರಿಂಗ್ ನಕ್ಷೆ ಮಡಿಸಿ ಇಡುತ್ತಿದ್ದರು. ಬಿಡಿಸಿದರೆ ಊಟದ ಮೇಜಿನಷ್ಟು ದೊಡ್ಡ ಹಾಳೆ. ಅರ್ಧ ಶತಮಾನದ ಹಿಂದಿನ ಹಾಳೆ, ಮಡಿಕೆಯಲ್ಲಿ ಹರಿದು ಟೇಪ್ ಹಚ್ಚಿದ್ದು, ಅಂಚಿನಲ್ಲಿ ಯಾವ ಯಾವ ಕಾಲದ್ದೋ ಮೆಕ್ಯಾನಿಕ್ಕುಗಳ ಪೆನ್ಸಿಲ್ ಗುರುತು. ಅಲಮೀಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಮ್ಮಿಗೆ ಹೋದರೆ ಇಂಥ ಮೆಷಿನ್ನುಗಳನ್ನು ನೋಡುವುದಷ್ಟೇ ಅಲ್ಲ, ಆಡಬಹುದು. ನಮ್ಮಲ್ಲಿ ಮ್ಯೂಸಿಯಂ ಅಂದರೆ ಮುಟ್ಟಬಾರದು ಅಂತ ಅರ್ಥ, ಅಮ್ಮನ ಶೋಕೇಸಿನ ಗೊಂಬೆಗಳಿಂದ ಹಿಡಿದು. ಮುಟ್ಟದ ಮೇಲೆ ಕೆಡುವುದಿಲ್ಲ, ಕೆಡದ ಮೇಲೆ ರಿಪೇರಿ ಬೇಡ, ರಿಪೇರಿ ಬೇಡವಾದ ಮೇಲೆ ಅದನ್ನು ಬಲ್ಲವನೂ ಬೇಡ.

ಇಷ್ಟು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಈಚೆಗೆ ಮೈಸೂರಿಗೆ ಹೋದಾಗ ಭಾವನ ಜೊತೆ ಕೂತು ಇದನ್ನೇ ಕೊಚ್ಚಿಕೊಂಡದ್ದರಿಂದ ಮುಂದಿನದನ್ನೂ ಹೇಳಬೇಕಾಗಿದೆ.

ಭಾವನ ಬಳಿ ಒಂದು ಯೆಜ್ಡಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಬೈಕು ತಯಾರಾಗುತ್ತಿದ್ದ ಕಾಲದ್ದು. ಮಾಡಿದ ಕಾರ್ಖಾನೆ ಮುಚ್ಚಿಹೋದ ಮೇಲೂ ಅವು ಓಡುತ್ತಿವೆಯಲ್ಲ, ಅದೂ ಹವ್ಯಾಸಿಗಳ ಕೃಪೆಯೇ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಸೇರುತ್ತಾರೆ, ಹೊಗೆ ಬಿಡುತ್ತಾರೆ, ಯಾರದೋ ಗಾಡಿ ಸ್ಟಾರ್ಟ್ ಆಗದಿದ್ದರೆ ಹತ್ತು ಜನ ಸುತ್ತ ಕುಕ್ಕರಗಾಲಲ್ಲಿ ಕೂರುತ್ತಾರೆ. ಭಾವ ಅವತ್ತು ಮನೆ ಮುಂದೆ ಗೋಣಿತಾಟು ಹಾಸಿಕೊಂಡು ಪಾಯಿಂಟ್ ಉಜ್ಜುತ್ತಿದ್ದರು. ಅದೇ ಪಾಯಿಂಟು, ಅದೇ ಕಿಡಿ, ಅದೇ ಕರಕಲು. ಉಜ್ಜಿದ ಮೇಲೆ ಗ್ರೀಟಿಂಗ್ ಕಾರ್ಡಿನ ತುಂಡೊಂದನ್ನು ನಡುವೆ ಇಟ್ಟು ಎಳೆದರು. ಕ್ಯಾಲಿಫೋರ್ನಿಯಾದಲ್ಲಿ ಕಲಿತು ಬಂದೆ ಅಂದುಕೊಂಡಿದ್ದ ವಿದ್ಯೆ ಸರಸ್ವತಿಪುರಂನ ಬೀದಿಯಲ್ಲಿ ಬಿದ್ದಿತ್ತು. ಹೋಗುವವರು ಬರುವವರು ನಿಂತು ಸಲಹೆ ಕೊಡುತ್ತಿದ್ದರು, ಹಾಲಿನವನೂ ಕೊಟ್ಟ. ಅವನದೇ ಸರಿಯಾಯಿತು. ನಾಲ್ಕು ಜನರೆದುರು ಬಿಚ್ಚುವ ಧೈರ್ಯ ನಮಗಿಲ್ಲ ಅಂತ ಮೇಲೆ ಬರೆದದ್ದರಲ್ಲಿ ಏನಾದರೂ ಧ್ವನಿಸಿದ್ದರೆ ಅಷ್ಟನ್ನು ಕಡಿಮೆ ಮಾಡಿ ಓದಿಕೊಳ್ಳಿ.

ಇನ್ನೂ ಒಂದೆರಡು ಇವೆ, ಇಷ್ಟವಿಲ್ಲದಿದ್ದರೂ ಹೇಳುತ್ತೇನೆ. ಪಿನ್‌ಬಾಲಿನವರು ಅಷ್ಟೆಲ್ಲ ಬರೆದಿಡುವುದು ಬರೀ ಸದ್ಗುಣದಿಂದಲ್ಲ. 1999ರ ಅಕ್ಟೋಬರಿನಲ್ಲಿ ದೊಡ್ಡ ಕಂಪನಿ ವಿಲಿಯಮ್ಸ್ ಪಿನ್‌ಬಾಲ್ ತಯಾರಿಕೆ ನಿಲ್ಲಿಸಿತು. ಆಮೇಲೆ ಸುಮಾರು ವರ್ಷ ಸ್ಟರ್ನ್ ಬಿಟ್ಟರೆ ಹೇಳಿಕೊಳ್ಳುವಂಥ ತಯಾರಕರೇ ಇರಲಿಲ್ಲ. ಕೆಟ್ಟರೆ ಕೇಳಲು ಯಾರೂ ಇಲ್ಲದ ಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡರು. 1992ರ ‘ಆಡಮ್ಸ್ ಫ್ಯಾಮಿಲಿ’ ಒಂದೇ 20,270 ಮಾರಾಟವಾಗಿತ್ತು. ಅಷ್ಟು ಮೆಷಿನ್ನು ಹೊರಗಿದ್ದರೆ ಬಿಡಿಭಾಗ ಮಾಡಿ ಮಾರುವವರೂ ಹುಟ್ಟುತ್ತಾರೆ. ಮೇಲಾಗಿ ಇಲ್ಲಿ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿದರೆ ಅವನು ಟೂಲ್ ಬಾಕ್ಸ್ ತೆಗೆಯುವ ಮೊದಲೇ ನಮ್ಮ ಜೇಬು ಖಾಲಿ, ಹಾಗಾಗಿ ತಾವೇ ಕಲಿಯುತ್ತಾರೆ. ಗ್ಯಾರೇಜು ಇರಬೇಕು, ಶನಿವಾರ ಭಾನುವಾರ ಬಿಡುವಿರಬೇಕು. ನಮ್ಮ ಊರಲ್ಲಿ ಅರ, ಸೋಲ್ಡರಿಂಗ್ ಕಬ್ಬಿಣ ಹಿಡಿದವನು ಹೊಟ್ಟೆಪಾಡಿಗೆ ಹಿಡಿದಿರುತ್ತಾನೆ. ಆರು ದಿನ ದುಡಿದವನನ್ನು ಏಳನೇ ದಿನ ಪುಕ್ಕಟೆ ಸೇವೆಗೆ ಬಾ ಅನ್ನಲು ನನಗೆ ಯಾವ ಹಕ್ಕು?

ಆ ಶೆಡ್ಡಿನಲ್ಲಿ ತಲೆಗಳೂ ಬಹುಪಾಲು ನರೆತವೇ. ಭಾನುವಾರ ರಾತ್ರಿ ಕಾಲು ಬಿಚ್ಚಿ, ಹಿಂಬದಿಯ ಪೆಟ್ಟಿಗೆ ಮಡಚಿ, ನೂರಿಪ್ಪತ್ತು ಕಿಲೋ ತಳ್ಳುವಾಗ ನಲವತ್ತು ದಾಟಿದ ನಾನೇ ಹುಡುಗ. ಮಧ್ಯಾಹ್ನ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಮನೆಯಿಂದ ತಂದ ಬ್ರೆಡ್ಡು ತಿಂದರು. ನನಗೂ ಒಂದು ತುಂಡು ಬೇಕಾ ಅಂತ ಯಾರೂ ಕೇಳಲಿಲ್ಲ. ಅವರಲ್ಲಿ ಅದು ಒರಟುತನವಲ್ಲ, ಗೊತ್ತು. ಆದರೂ ನಮ್ಮ ಗಣೇಶನ ಪೆಂಡಾಲಿನಲ್ಲಿ ವೈರ್ ಎಳೆಯುವ ಹುಡುಗನಿಗೆ ಮೊದಲ ಎಲೆ ಹಾಕಿ, “ಉಣ್ಣೋ, ಆಮೇಲೆ ಕಟ್ಟುವೆಯಂತೆ” ಅನ್ನುತ್ತಾರಲ್ಲ, ಅದು ಆ ತಗಡಿನ ಸೂರಿನ ಕೆಳಗೆ ನೆನಪಾಗಿ ಸಂಕಟವಾಯಿತು.

ಇಷ್ಟೆಲ್ಲ ಆದರೂ ಚೀಟಿಯ ವಿಷಯದಲ್ಲಿ ನಾನು ಸೋಲಲು ತಯಾರಿರಲಿಲ್ಲ. ಭಾವನಿಗೆ ಹೇಳಿದೆ, “ಭಾವ, ಪಾಯಿಂಟ್ ಗ್ಯಾಪು ಎಷ್ಟಿಟ್ಟಿರಿ, ಯಾವತ್ತು ಉಜ್ಜಿದಿರಿ, ಕಾರ್ಬುರೇಟರ್ ಯಾವತ್ತು ಬಿಚ್ಚಿದಿರಿ ಅಂತ ಒಂದು ಚೀಟಿ ಬರೆದು ಸೀಟಿನ ಕೆಳಗೆ ಇಡಿ. ನಾಳೆ ಬೇರೆ ಯಾರಾದರೂ ಬಿಚ್ಚಿದರೆ ಅನುಕೂಲ.”

“ಬೇರೆ ಯಾರು ಬಿಚ್ಚುತಾರಪ್ಪ? ನಾನು, ಇಲ್ಲಾಂದ್ರೆ ನಮ್ಮ ಉಸ್ತಾದರು.”

“ಉಸ್ತಾದರಿಗೂ ವಯಸ್ಸಾಯಿತಲ್ಲ. ಅವರ ತಲೆಯಲ್ಲಿರೋದು ಅವರ ಜೊತೆಗೇ ಹೋದರೆ?”

ಭಾವ ಕಾರ್ಡಿನ ತುಂಡನ್ನು ಜೇಬಿಗೆ ಹಾಕಿಕೊಂಡು ಎದ್ದರು. “ಅದಕ್ಕೇ ಅಲ್ವೇ ವಾರಕ್ಕೊಂದು ಸಲ ಅವರ ಅಂಗಡೀಲಿ ಹೋಗಿ ಕೂತ್ಕೊಳ್ಳೋದು. ಎಲ್ಲಾ ಬರೆದಿಟ್ಟುಬಿಟ್ರೆ ಆಮೇಲೆ ಅವರ ಜೊತೆ ಕಾಫಿ ಕುಡಿಯೋಕೆ ಯಾರು ಹೋಗ್ತಾರೆ?”

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಭಾವನ ಮಗ ಬ್ಯಾಟರಿ ಸ್ಕೂಟರ್ ಓಡಿಸುತ್ತಾನೆ, ಉಸ್ತಾದರ ಅಂಗಡಿ ಎಲ್ಲಿದೆ ಅಂತಲೂ ಅವನಿಗೆ ಗೊತ್ತಿಲ್ಲ. ಹೇಳೋಣ ಅನ್ನುವಷ್ಟರಲ್ಲಿ ಭಾವ ಕಿಕ್ ಹೊಡೆದರು, ಮೊದಲನೇ ಏಟಿಗೇ ಹತ್ತಿಕೊಂಡಿತು, ಹಿಂದೆ ಕೂತುಕೋ ಅಂದರು. ಉಸ್ತಾದರ ಅಂಗಡಿಗೇ ಹೊರಟಿದ್ದರು. ಕಾಫಿ ಚೆನ್ನಾಗಿತ್ತು. ಪಾಯಿಂಟ್ ಗ್ಯಾಪು ಎಷ್ಟಿಡಬೇಕು ಅಂತ ಅವರನ್ನೇ ಕೇಳಿ, ಯಾರಿಗೂ ಕಾಣದ ಹಾಗೆ ಫೋನಿನಲ್ಲಿ ಬರೆದುಕೊಂಡೆ.